ಕ್ಲಬ್ಬಿನ ಗೋಡೆಯಲ್ಲಿ ಕಳೆದುಹೋದ ನಾಲ್ಕು ಅಡಿ

ಮೊನ್ನೆ ಬೀರು ಜೋಡಿಸುವಾಗ ಬಟ್ಟೆಗಳ ನಡುವಿನಿಂದ ಒಂದು ಟೈ ಜಾರಿ ಬಿತ್ತು. ಕಡುನೀಲಿ ಬಣ್ಣ. ಅದರ ತುಂಬ ಪುಟ್ಟಪುಟ್ಟ ಸಿಂಹಗಳು, ಪ್ರತಿ ಸಿಂಹದ ಕೈಯಲ್ಲೂ ಒಂದೊಂದು ತೆಂಗಿನಮರ. ಸಿಂಹಕ್ಕೆ ತೆಂಗಿನಮರ ಯಾಕೆ ಬೇಕಾಯಿತು ಎಂದು ನೀವು ಕೇಳಬಹುದು. ಕ್ಲಬ್ಬುಗಳ ಲಾಂಛನದ ವಿಷಯದಲ್ಲಿ ಅಂಥ ಪ್ರಶ್ನೆ ಕೇಳುವವರಿಗೆ ಸದಸ್ಯತ್ವ ಸಿಗುವುದಿಲ್ಲ.

ಟೈ ನಮ್ಮದಲ್ಲ. ಸಿಂಗಪುರದ ಪಾಸಿರ್ ಪಂಜಾಂಗ್ ಕಡೆ ಒಂದು ದಿಬ್ಬದ ಮೇಲಿರುವ ಹಳೆಯ ಕ್ಲಬ್ಬಿನದು. ಟೈ ಕಟ್ಟದೆ ಬಂದ ಅತಿಥಿಗಳಿಗೆ ಬಾಗಿಲಲ್ಲೇ ಒಂದನ್ನು ಎರವಲು ಕೊಟ್ಟು, ಮನುಷ್ಯರನ್ನಾಗಿ ಮಾಡಿ ಒಳಗೆ ಬಿಡುತ್ತಾರೆ. ನಮ್ಮ ಮಾವನವರನ್ನು ಹೀಗೆ ಮನುಷ್ಯರನ್ನಾಗಿ ಮಾಡಿದ ಟೈ ಇದು. ಅವರು ಅದನ್ನು ಅಲ್ಲೇ ಬಿಚ್ಚಿ ನನ್ನ ಬ್ಯಾಗಿಗೆ ತುರುಕಿದ್ದರು. ವಾಪಸು ಕೊಡಬೇಕು, ಕೊಡಬೇಕು ಎಂದುಕೊಳ್ಳುತ್ತಲೇ ಒಂದು ವರ್ಷವಾಯಿತು. ಬಿಶಾನಿನ ನಮ್ಮ ಮನೆಯಿಂದ ಅಲ್ಲಿಗೆ ಏನು ಮಹಾ ದೂರ, ಆದರೂ ಕಾಲೇಳುತ್ತಿಲ್ಲ.

ಆ ಕ್ಲಬ್ಬಿಗೆ ನಾನು ಮೊದಲು ಹೋದದ್ದು ಅತಿಥಿಯಾಗಿ ಅಲ್ಲ, ಕೆಲಸದ ಮೇಲೆ. ಹಳೆಯ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆದುಕೊಡುವ ಒಂದು ಸಣ್ಣ ಕಂಪನಿಯಲ್ಲಿ ನಾನಿದ್ದೇನೆ. ಬ್ಯೂನಾ ವಿಸ್ಟಾದಲ್ಲಿ ನಮ್ಮ ಆಫೀಸು. ಎಲ್ಲಾದರೂ ಹಳೆಯ ಸೂರು ಸೋರಲು ಶುರುವಾದರೆ ನಮ್ಮನ್ನು ಕರೆಯುತ್ತಾರೆ. ನಾವು ಹೋಗಿ ಗೋಡೆ ಎಷ್ಟು ದಪ್ಪ, ಕಿಟಕಿ ಎಷ್ಟು ಅಗಲ ಎಂದು ಅಳೆದು, ಕಟ್ಟಡ ಎಲ್ಲಿದೆಯೋ ಅಲ್ಲೇ ಇದೆ ಎಂದು ಕಾಗದದ ಮೇಲೆ ಸಾಬೀತು ಮಾಡಿ ಬರುತ್ತೇವೆ. ನನ್ನಂಥವಳಿಗೆ ಈ ಕೆಲಸ ಸಿಕ್ಕಿದ್ದೇ ಸೋಜಿಗ. ಮೈಸೂರಿನಲ್ಲಿ ಓದುವಾಗ ಮೊದಲ ವರ್ಷದ ಪರೀಕ್ಷೆಗೆ ಎರಡಂತಸ್ತಿನ ಮನೆಯ ನಕ್ಷೆ ಬರೆದಿದ್ದೆ. ದೇವರಕೋಣೆ, ಒರಳಿಗೆ ಜಾಗ, ಅಜ್ಜಿಗೆ ಬಿಸಿಲು ಕಾಯಲು ಕಟ್ಟೆ, ಎಲ್ಲ ಇತ್ತು. ಮೇಷ್ಟ್ರು ಬಹಳ ಹೊತ್ತು ನೋಡಿ, "ಮಹಡಿ ಮೇಲಿನೋರು ಹುಟ್ಟೋದೂ ಅಲ್ಲೇ ಸಾಯೋದೂ ಅಲ್ಲೇ ಏನಮ್ಮ?" ಎಂದು ಕೇಳಿದರು. ಮೆಟ್ಟಿಲು ಬರೆಯುವುದನ್ನೇ ಮರೆತಿದ್ದೆ.

ಮೈಸೂರಿನ ನನ್ನ ಚಿಕ್ಕಂದಿನಲ್ಲಿ ಕ್ಲಬ್ಬು ಎಂದರೆ ನನಗೆ ಗೊತ್ತಿದ್ದದ್ದು ಒಂದು ಬೇಲಿ ಮಾತ್ರ. ಅಪ್ಪ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಡಲು ಹೋಗುವಾಗ ಆ ಉದ್ದನೆಯ ಬೇಲಿ ಬರುತ್ತಿತ್ತು. ಬೇಲಿಯ ಸಂದಿನಲ್ಲಿ ಬಿಳಿ ಕಂಬಗಳು, ಬಿಳಿ ಕೋಟು ಹಾಕಿಕೊಂಡು ಸದ್ದಿಲ್ಲದೆ ಓಡಾಡುವ ಜನ. ನಾನು ಬಹಳ ವರ್ಷ ಅದನ್ನು ಆಸ್ಪತ್ರೆ ಎಂದುಕೊಂಡಿದ್ದೆ. ಅಪ್ಪನನ್ನು ಕೇಳಿದ್ದಕ್ಕೆ, "ಒಂಥರಾ ಅದೇನೆ, ವಾಸಿಯಾಗದ ಕಾಯ್ಲೆಯೋರು ಬರ್ತಾರೆ" ಎಂದಿದ್ದರು.

ದಿಬ್ಬದ ಮೇಲಿನ ಈ ಕ್ಲಬ್ಬಿನ ಅಂಗಳದಲ್ಲಿ ಟೇಪು ಹಿಡಿದು ನಿಂತಾಗ ನನಗೆ ಆ ಬೇಲಿಯನ್ನು ದಾಟಿ ಬಂದ ಹಾಗೆ ಅನ್ನಿಸಿತು. ಅವೇ ಕಂಬಗಳು, ಅದೇ ಎತ್ತರದ ಮೆಟ್ಟಿಲು, ಅದೇ ಕಮಾನು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಟ್ಟಿದ್ದಂತೆ. ಇದರ ವಂಶಾವಳಿಯನ್ನು ಸ್ವಲ್ಪ ಹೇಳಿಬಿಡುತ್ತೇನೆ, ಕೇಳಿ. ಆಗ ಲಂಡನ್ನಿನ ದೊಡ್ಡ ಮನುಷ್ಯರಿಗೆ ದೊಡ್ಡದೊಡ್ಡ ಮನೆಗಳಿದ್ದವು. ಆದರೆ ಆ ಮನೆಗಳಲ್ಲಿ ಹೆಂಡತಿಯರಿದ್ದರು. ಆದ್ದರಿಂದ ಯಾರೂ ಏನೂ ಕೇಳದ ಇನ್ನೊಂದು ಮನೆ ಬೇಕಾಯಿತು. ಬರಿಯ ಮನೆ ಸಾಲದು, ಅರಮನೆಯೇ ಆಗಬೇಕು. ಇಟಲಿಯ ಹಳೆಯ ಶ್ರೀಮಂತರ ಅರಮನೆಗಳನ್ನು ನೋಡಿಕೊಂಡು ಬಂದು ಹಾಗೆಯೇ ಕಟ್ಟಿಸಿದರು. ಒಳಗೆ ಮಾಡುವ ಘನಕಾರ್ಯವೆಂದರೆ ಪೇಪರ್ ಓದುವುದು, ಕುರಿಮಾಂಸ ತಿನ್ನುವುದು, ದೇಶ ಆಳುವುದು. ಆಗ ಅಲ್ಲಿ ಎರಡು ಪಕ್ಷ. ಒಬ್ಬರ ಮುಖ ಕಂಡರೆ ಒಬ್ಬರಿಗಾಗದು. ಹಾಗಾಗಿ ಎರಡು ಪಕ್ಷದವರೂ ಬೇರೆಬೇರೆ ಕ್ಲಬ್ಬು ಕಟ್ಟಿಸಿದರು, ಒಂದೇ ಬೀದಿಯಲ್ಲಿ, ಅಕ್ಕಪಕ್ಕದಲ್ಲಿ. ಇವರದೂ ಇಟಲಿಯ ನಕಲು, ಅವರದೂ ಇಟಲಿಯ ನಕಲು. ದೇಶ ಆಳುವುದು ಹೇಗೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿತ್ತೇ ಹೊರತು ಕಿಟಕಿಯ ಕಮಾನು ಹೇಗಿರಬೇಕು ಎಂಬುದರಲ್ಲಿ ಇರಲಿಲ್ಲ.

ನಗಬೇಡಿ. ನಾವು ಕನ್ನಡಿಗರು ಪರದೇಶದಲ್ಲಿ ಸಂಘ ಕಟ್ಟುತ್ತೇವೆ. ಎರಡನೆಯ ವರ್ಷ ಅದು ಒಡೆಯುತ್ತದೆ. ಆಮೇಲೆ ಎರಡು ಬಣದವರೂ ಒಬ್ಬನೇ ಕೇಟರರ್ ಹತ್ತಿರ ಒಂದೇ ಬಿಸಿಬೇಳೆಬಾತ್ ತರಿಸಿ, ನಮ್ಮದೇ ರುಚಿ ಎಂದು ತಿನ್ನುತ್ತೇವೆ.

ಲಂಡನ್ನಿನ ಕ್ಲಬ್ಬುಗಳನ್ನು ನೋಡಿ ಹಡಗು ಹತ್ತಿದವರು ತಾವು ಇಳಿದ ಊರುಗಳಲ್ಲೆಲ್ಲ ಅದನ್ನೇ ಕಟ್ಟಿದರು. ಸಿಂಗಪುರದಲ್ಲಿ, ಮೈಸೂರಿನಲ್ಲಿ, ಇನ್ನೆಲ್ಲೆಲ್ಲೋ. ನಕಲಿನ ನಕಲು. ಇಟಲಿಯಲ್ಲಿ ಕಲ್ಲಿನಲ್ಲಿದ್ದದ್ದು ಇಲ್ಲಿ ಇಟ್ಟಿಗೆಗೆ ಇಳಿಯಿತು. ಇಟ್ಟಿಗೆಯ ಮೇಲೆ ಸುಣ್ಣದ ಗಾರೆ ಬಳಿದು, ಗಾರೆ ಹಸಿಯಿರುವಾಗಲೇ ಗೆರೆ ಕೊರೆದು, ದೂರದಿಂದ ನೋಡಿದವರಿಗೆ ಕಲ್ಲಿನ ದಿಮ್ಮಿಗಳೆಂದು ಕಾಣುವ ಹಾಗೆ ಮಾಡಿದರು. ಆ ಗಾರೆಗೆ ಮೊಟ್ಟೆಯ ಬಿಳಿ, ಬೆಲ್ಲದ ನೀರು ಹಾಕಿ ಕಲಸುತ್ತಿದ್ದರು ಎಂದು ನಮ್ಮ ಆಫೀಸಿನ ಹಿರಿಯರು ಹೇಳಿದಾಗ ನನಗೆ ಬಹಳ ಖುಷಿಯಾಯಿತು. ಸಾಮ್ರಾಜ್ಯದ ಗಾಂಭೀರ್ಯವೆಲ್ಲ ಒಂದು ಹದವಾದ ಅಡುಗೆ.

ಕ್ಲಬ್ಬಿನ ದೊಡ್ಡ ಹಾಲಿನೊಳಗೆ ಹೋದರೆ ಅಗ್ಗಿಷ್ಟಿಕೆ. ಸಮಭಾಜಕ ವೃತ್ತದ ನೆತ್ತಿಯ ಮೇಲೆ ಕೂತಿರುವ ಊರಿನಲ್ಲಿ, ನಿಂತಲ್ಲೇ ಬೆವರು ಇಳಿಯುವ ಹಾಲಿನಲ್ಲಿ, ಅಮೃತಶಿಲೆಯ ಚೌಕಟ್ಟಿನ ಅಗ್ಗಿಷ್ಟಿಕೆ. ನಾನು ತಲೆ ಒಳಗೆ ತೂರಿಸಿ ನೋಡಿದೆ. ಹೊಗೆ ಹೋಗಲು ದಾರಿಯೇ ಇರಲಿಲ್ಲ. ಈಗ ಅದರೊಳಗೆ ವೈಫೈ ರೌಟರ್ ಇಟ್ಟಿದ್ದಾರೆ. ಸಮುದ್ರ ನೋಡಲೆಂದು ಕಟ್ಟಿಸಿದ ದೊಡ್ಡ ವರಾಂಡದ ಎದುರಿನ ಸಮುದ್ರವನ್ನು ಮಣ್ಣು ತುಂಬಿ ಹಿಂದಕ್ಕೆ ಸರಿಸಿಯಾಗಿದೆ. ಈಗ ಅಲ್ಲಿ ಕಾಣುವುದು ಕಂಟೇನರ್ ಎತ್ತುವ ಕ್ರೇನುಗಳ ಸಾಲು. ಸದಸ್ಯರು ಆದರೂ ಸಂಜೆ ಹೊತ್ತು ಕುರ್ಚಿಗಳನ್ನು ಆ ಕಡೆಗೇ ತಿರುಗಿಸಿ ಕೂತು, ಸಮುದ್ರ ಇದ್ದಿದ್ದರೆ ಹೇಗೆ ನೋಡುತ್ತಿದ್ದರೋ ಹಾಗೆ ಕ್ರೇನುಗಳನ್ನು ನೋಡುತ್ತಾರೆ.

ಬಾಗಿಲ ಪಕ್ಕದಲ್ಲಿ ಒಂದು ಸಣ್ಣ ಕೋಣೆ, ಹೊರಗಿನವರಿಗೆಂದು. ಸದಸ್ಯರಲ್ಲದವರು ಅದರಿಂದಾಚೆಗೆ ಕಾಲಿಡಬಾರದು. ಅಲ್ಲಿನ ಕುರ್ಚಿಗಳನ್ನು ಬೇಕೆಂದೇ ಗಟ್ಟಿಯಾಗಿ ಮಾಡಿಸಿದ್ದಾರೆ. ನಾಲ್ಕು ಜನ ಸಾಲಾಗಿ ಹತ್ತುವಷ್ಟು ಅಗಲದ ಮೆಟ್ಟಿಲು ಹಾಲಿನ ನಡುವಿನಿಂದ ಮೇಲಕ್ಕೆ ಹೋಗುತ್ತದೆ. ಅಳತೆ ತೆಗೆಯುತ್ತಿದ್ದ ಮೂರು ತಿಂಗಳಲ್ಲಿ ಅದರ ಮೇಲೆ ಇಬ್ಬರು ಜೊತೆಯಾಗಿ ಹೋದದ್ದನ್ನು ನಾನು ನೋಡಲಿಲ್ಲ. ಆದರೆ ನನಗೆ ಹಿಡಿಸಿದ್ದು ಕಟ್ಟಡದ ಮುಖವಲ್ಲ, ಬೆನ್ನು. ಇಂಥ ಕ್ಲಬ್ಬುಗಳಲ್ಲಿ ಅರ್ಧ ಕಟ್ಟಡ ಇರುವುದು ಅಲ್ಲಿ ಯಾರೂ ಕೆಲಸ ಮಾಡುತ್ತಿಲ್ಲ ಎಂದು ಉಳಿದರ್ಧವನ್ನು ನಂಬಿಸುವುದಕ್ಕೆ. ಹಿಂದಿನ ಮೆಟ್ಟಿಲು, ಗೋಡೆಯೊಳಗಿನ ಓಣಿ, ಮರದ ಹಲಗೆಯಂತೆಯೇ ಕಾಣುವ ಬಾಗಿಲು. ಟೀ ತಾನಾಗಿಯೇ ಬಂದ ಹಾಗೆ ಬರಬೇಕು, ಬೂದಿಬಟ್ಟಲು ತಾನಾಗಿಯೇ ಖಾಲಿಯಾಗಬೇಕು. ಅದಕ್ಕೆ ಬೇಕಾದಷ್ಟು ಬುದ್ಧಿವಂತಿಕೆಯನ್ನು ಇಟಲಿಯವರಿಂದ ಕದಿಯಬೇಕಾಗಲಿಲ್ಲ, ಸ್ವಂತದ್ದೇ ಇತ್ತು.

ನನ್ನ ತಲೆ ಕೆಟ್ಟದ್ದು ಇಲ್ಲೇ. ಬಿಲಿಯರ್ಡ್ಸ್ ಕೋಣೆಯನ್ನು ಒಳಗಿನಿಂದ ಅಳೆದರೆ ಒಂದು ಲೆಕ್ಕ, ಹೊರಗಿನಿಂದ ಅಳೆದರೆ ಇನ್ನೊಂದು. ನಡುವೆ ನಾಲ್ಕು ಅಡಿ ಮಾಯ. ಗೋಡೆ ಅಷ್ಟು ದಪ್ಪವಿರಲು ಸಾಧ್ಯವಿಲ್ಲ. ಲೇಸರ್ ಹಿಡಿದು ಮೂರು ಸಲ ಅಳೆದೆ, ಟೇಪು ಹಿಡಿದು ಅಳೆದೆ, ಕೊನೆಗೆ ಅಡಿಯ ಮುಂದೆ ಅಡಿ ಇಟ್ಟು ಹೆಜ್ಜೆಯಲ್ಲೂ ಅಳೆದೆ. ಮೆಟ್ಟಿಲು ಮರೆತವಳಿಗೆ ಈ ಜನ್ಮದಲ್ಲಿ ಶಾಂತಿಯಿಲ್ಲ ಎಂದುಕೊಂಡು, ನಕ್ಷೆಯಲ್ಲಿ ಆ ಜಾಗವನ್ನು ದಪ್ಪ ಗೋಡೆ ಎಂದು ಕಪ್ಪು ಬಳಿದು ಒಪ್ಪಿಸಿಬಿಟ್ಟೆ.

ಅಷ್ಟರಲ್ಲಿ ನಮ್ಮ ಯಜಮಾನರಿಗೆ ಅಪ್ಪ ಹೇಳಿದ ಆ ಕಾಯಿಲೆ ತಗುಲಿತು. ಅವರ ಹೆಸರು ಪ್ರಕಾಶ, ಬ್ಯಾಂಕಿನಲ್ಲಿ ಅಪಾಯಗಳನ್ನು ಮುಂಚೆಯೇ ಕಂಡುಹಿಡಿಯುವ ವಿಭಾಗದಲ್ಲಿದ್ದಾರೆ. ಒಂದು ಸಂಜೆ ನನ್ನನ್ನು ಕರೆದೊಯ್ಯಲು ಬಂದು, ಹೊರಗಿನವರ ಕೋಣೆಯಲ್ಲಿ ಇಪ್ಪತ್ತು ನಿಮಿಷ ಕೂತರು. ತೆರೆದ ಬಾಗಿಲಿನಿಂದ ಹಾಲಿನ ಚರ್ಮದ ಕುರ್ಚಿಗಳು ಕಾಣುತ್ತಿದ್ದವು. ಕಾರು ಹತ್ತಿ ಬೆಲ್ಟು ಹಾಕಿಕೊಂಡರು. ಆಮೇಲೆ, "ವೀಣಾ, ಇಲ್ಲಿ ಮೆಂಬರ್ ಆಗೋದು ಹೇಗೆ ಅಂತ ಸ್ವಲ್ಪ ವಿಚಾರಿಸ್ತೀಯಾ?" ಎಂದರು. ಐವತ್ತು ವರ್ಷದ ಮನುಷ್ಯ ಆಟದ ಸಾಮಾನಿನಂಗಡಿಯ ಮುಂದೆ ನಿಂತು ಕೇಳುವ ದನಿ ಅದು.

ಮಗಳು ಸಿರಿ ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡಕ್ಕೂ ಈ ಊರಿನ ‘ಲಾ’ ಸೇರಿಸುತ್ತಾಳೆ. "ನಮ್ಮ ಕಾಂಡೋ ಕ್ಲಬ್‌ಹೌಸ್ ಇದ್ಯಲ್ಲಪ್ಪ, ಅದಕ್ಕೂ ಎರಡು ಪಿಲ್ಲರ್ ಇದೆ ಲಾ. ಅಲ್ಲೇ ಕೂತ್ಕೊ," ಎಂದಳು.

ನಾನೂ ನಕ್ಕೆ. ಆದರೆ ಅವರ ಆಸೆಯ ಬೇರು ನನಗೆ ಗೊತ್ತಿತ್ತು, ಅದಕ್ಕೇ ಪೂರ್ತಿ ನಗಲಾಗಲಿಲ್ಲ. ನಮ್ಮ ಮಾವ ಮೈಸೂರಿನ ಕ್ಲಬ್ಬಿನಲ್ಲಿ, ನಾನು ಆಸ್ಪತ್ರೆ ಎಂದುಕೊಂಡಿದ್ದ ಆ ಬೇಲಿಯ ಹಿಂದೆ, ಮೂವತ್ತೆರಡು ವರ್ಷ ಬಿಳಿ ಕೋಟು ಹಾಕಿಕೊಂಡಿದ್ದವರು. ಬಿಲಿಯರ್ಡ್ಸ್ ಮಾರ್ಕರ್. ಅಂದರೆ ಸಾಹೇಬರು ಆಡುವಾಗ ಚೆಂಡು ಜೋಡಿಸಿ, ಕೋಲು ಎತ್ತಿಕೊಟ್ಟು, ಅಂಕ ಕೂಗಿ ಹೇಳಿ, ಹಲಗೆಯ ಮೇಲೆ ಹಿತ್ತಾಳೆಯ ಮುಳ್ಳು ಸರಿಸುವವರು. ಜೊತೆಗಾರ ಬರದಿದ್ದ ದಿನ ಎದುರಾಳಿಯಾಗಿ ಆಡುವವರು. ಅದೇ ಸಂಬಳದಲ್ಲಿ ಮಗನನ್ನು ಓದಿಸಿದರು. ಈಗ ಎಪ್ಪತ್ತೆಂಟು, ನಮ್ಮ ಜೊತೆಗೇ ಇದ್ದಾರೆ. ಬೆಳಿಗ್ಗೆ ಬಿಶಾನ್ ಪಾರ್ಕಿನಲ್ಲಿ ನಾಲ್ಕು ಸುತ್ತು, ಆಮೇಲೆ ಪೇಪರು. ಇದನ್ನೆಲ್ಲ ಅವರು ಸಂಕೋಚವಿಲ್ಲದೆ ಹೇಳುತ್ತಾರೆ. ಸಂಕೋಚವೆಲ್ಲ ಮಗನ ಪಾಲಿಗೆ ಬಂದಿದೆ. ಮದುವೆಗೆ ಮುಂಚೆ ನಮ್ಮ ತವರಿನವರಿಗೆ "ತಂದೆಗೆ ಕ್ಲಬ್ಬಲ್ಲಿ ಕೆಲಸ" ಎಂದಷ್ಟೇ ಹೇಳಿದ್ದರು, ನಮ್ಮಪ್ಪ ಅವರನ್ನು ಸೆಕ್ರೆಟರಿ ಎಂದುಕೊಂಡಿದ್ದರು.

ಅರ್ಜಿಯ ಫಾರಂ ಬಂತು. ಅದರಲ್ಲೊಂದು ಕಲಂ, ಕುಟುಂಬಕ್ಕೆ ಬೇರೆ ಕ್ಲಬ್ಬುಗಳೊಡನೆ ಸಂಬಂಧವಿದ್ದರೆ ತಿಳಿಸಿ ಎಂದು. ನಮ್ಮ ಯಜಮಾನರು ಪೆನ್ನು ಹಿಡಿದು ಊಟದ ಮೇಜಿನ ಮುಂದೆ ಕೂತೇ ಇದ್ದರು.

"ಖಾಲಿ ಬಿಟ್ಬಿಡ್ಲಾ?" ಎಂದರು.

"ಯಾಕ್ರೀ, ಸಂಬಂಧ ಇದ್ಯಲ್ಲ," ಎಂದು ನಾನೇ ಪೆನ್ನು ಕಿತ್ತುಕೊಂಡು ಬರೆದೆ: ‘ನನ್ನ ತಂದೆಯವರು ಮೈಸೂರಿನ ಪ್ರತಿಷ್ಠಿತ ಕ್ಲಬ್ಬೊಂದರೊಡನೆ ಮೂವತ್ತೆರಡು ವರ್ಷಗಳ ನಿಕಟ ಸಂಬಂಧ ಹೊಂದಿದ್ದರು.’ ಒಂದಕ್ಷರ ಸುಳ್ಳಿಲ್ಲ. ಮೂರು ತಿಂಗಳು ಗಾರೆಯ ಕಂಬಗಳನ್ನು ತಟ್ಟಿ ನೋಡಿ ನಕ್ಕವಳು ನಾನು. ಗೆರೆ ಕೊರೆಯುವ ಕೈಚಳಕ ನನಗೂ ಬಂದುಬಿಟ್ಟಿತ್ತು.

ಅರ್ಜಿಗೆ ಶಿಫಾರಸಿನ ಸಹಿ ಹಾಕಿದ ಹಳೆಯ ಸದಸ್ಯರು ಶ್ರೀಧರ್ ಅಂಕಲ್, ನಮ್ಮ ಪಕ್ಕದ ಬ್ಲಾಕಿನವರು. ಅವರು ಗುಟ್ಟು ಹೇಳಿಕೊಟ್ಟರು. "ಪ್ರಕಾಶ್, ವೆರಿ ಸಿಂಪಲ್. ಫ್ಯಾಮಿಲೀನ ಟೀಗೆ ಕರೀತಾರೆ. ಆಮೇಲೆ ಚೇರ್ಮನ್ ಬಿಲಿಯರ್ಡ್ಸ್ ರೂಮಿಗೆ ಕರ್ಕೊಂಡು ಹೋಗ್ತಾರೆ. ಅವರು ಓಕೆ ಅಂದ್ರೆ ಕಮಿಟಿ ಓಕೆ. ಅವ್ರು ಸೋತ್ರೆ ಮಾತ್ರ ಮೂಡ್ ಆಫ್ ಆಗತ್ತೆ. ಸೋ, ನೀವು ಸೋತ್ಬಿಡಿ."

"ನಂಗೆ ಆಡಕ್ಕೇ ಬರಲ್ಲ ಸರ್."

"ಇನ್ನೂ ಒಳ್ಳೇದಾಯ್ತು."

ಮಾವನಿಗೆ ಈ ಆಸೆಯೇ ಅರ್ಥವಾಗಲಿಲ್ಲ. "ಅಲ್ಲಿ ಏನ್ಮಾಡ್ತಾರೆ ಗೊತ್ತೇನೋ? ತಿಂದು ನಿದ್ದೆ ಮಾಡ್ತಾರೆ. ಮನೇಲಿ ಸೋಫಾ ಇಲ್ವೇ?" ಎಂದರು. ಆದರೂ ಟೀಗೆ ಕರೆದ ಭಾನುವಾರ ತಮ್ಮ ಒಳ್ಳೆಯ ಬಿಳಿ ಷರ್ಟು ಇಸ್ತ್ರಿ ಮಾಡಿಸಿಕೊಂಡು ಎಲ್ಲರಿಗಿಂತ ಮುಂಚೆ ಸಿದ್ಧರಾಗಿ ಕೂತಿದ್ದರು.

ಟ್ಯಾಕ್ಸಿಯಲ್ಲಿ ನಮ್ಮ ಯಜಮಾನರು ಮುಂದಿನ ಸೀಟಿನಿಂದ ತಿರುಗದೆಯೇ ಹೇಳಿದರು. "ಅಪ್ಪ, ಮೈಸೂರು ಕ್ಲಬ್ ವಿಷಯ ಕೇಳಿದ್ರೆ ಜಾಸ್ತಿ ಡೀಟೇಲ್ಸ್ ಬೇಡ. ಮೂವತ್ತೆರಡು ವರ್ಷ ಇದ್ದೆ ಅನ್ನಿ, ಸಾಕು."

ಮಾವ ಕಿಟಕಿಯಿಂದ ಹೊರಗೆ ನೋಡಿದರು. "ಆಗ್ಲಪ್ಪ," ಎಂದರು. ನನಗೆ ಆಗ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಸಿರಿ ಪರೀಕ್ಷೆಯ ನೆಪ ಹೇಳಿ ಮನೆಯಲ್ಲೇ ಉಳಿದದ್ದು ಒಳ್ಳೆಯದಾಯಿತು.

ಟ್ಯಾಕ್ಸಿ ಕಂಬಗಳ ಮುಂದೆ ನಿಂತಿತು. ಮಾವ ಇಳಿದವರೇ ಕಟ್ಟಡದ ಪಕ್ಕದ ಹಾದಿ ಹಿಡಿದು ಹೊರಟರು. ಹಿಂದಕ್ಕೆ ಹೋಗುವ ಹಾದಿ. ನಾನು ಓಡಿಹೋಗಿ ಕೈ ಹಿಡಿದು ಕರೆದುತಂದೆ. "ಅಭ್ಯಾಸ ಕಣಮ್ಮ," ಎಂದರು. "ನಮ್ಮಲ್ಲಿ ಮುಂದಿನ ಮೆಟ್ಲು ಒಂದೇ ಒಂದ್ಸಲ ಹತ್ತಿದ್ದೆ. ಬಣ್ಣ ಹೊಡಿಯೋರಿಗೆ ಏಣಿ ಹಿಡ್ಕೊಳಕ್ಕೆ." ಮೆಟ್ಟಿಲು ಹತ್ತಿದ ಮೇಲೆ ಬಾಗಿಲಿನವನು ಅವರಿಗೆ ಟೈ ಕಟ್ಟಿದ.

ಟೀ ಚೆನ್ನಾಗಿಯೇ ನಡೆಯಿತು. ಅಧ್ಯಕ್ಷರು ಅರವತ್ತೈದರ ಸುಮಾರಿನ ವಕೀಲರು, ಗುಂಡುಮುಖ, ನಗುನಗುತ್ತಾ ಮಾತಾಡುವವರು. ಮಾತೆಲ್ಲ ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. "ಮೂವತ್ತೆರಡು ವರ್ಷ. ಹಾಗಾದರೆ ಕ್ಲಬ್ಬು ನಿಮ್ಮ ರಕ್ತದಲ್ಲೇ ಇದೆ," ಎಂದು ಮಾವನ ಕೈ ಕುಲುಕಿದರು. ಮಾವ "ಹೌದು ಸರ್, ಇದ್ದೆ" ಎಂದರು, ಹೇಳಿಕೊಟ್ಟಷ್ಟೇ. ಚರ್ಮದ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಬಿಳಿ ಕೋಟಿನ ಹುಡುಗ ಟೀ ತಂದಾಗ ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡರು. ನಮ್ಮ ಯಜಮಾನರು ಅದನ್ನು ನೋಡಿ ಅಗ್ಗಿಷ್ಟಿಕೆಯ ಕಡೆ ಮುಖ ತಿರುಗಿಸಿದರು.

ಕೆಲಸ ಕೆಡಿಸಿದ್ದು ನಾನು. ಬಿಲಿಯರ್ಡ್ಸ್ ಕೋಣೆಗೆ ಹೋದೆವಲ್ಲ, ಆ ಗೋಡೆ ಕಂಡಕೂಡಲೇ ನನ್ನ ನಾಲ್ಕು ಅಡಿ ನೆನಪಾಯಿತು. ಅಳತೆ ಕೂಡದ ಸಂಕಟವನ್ನು ಅಧ್ಯಕ್ಷರ ಮುಂದೆ ತಮಾಷೆಯಾಗಿ ತೋಡಿಕೊಂಡೆ. ಅವರು "ಇಪ್ಪತ್ತೈದು ವರ್ಷದಿಂದ ಇಲ್ಲಿದ್ದೇನೆ, ಅದು ಬರಿಯ ಗೋಡೆ," ಎಂದು ನಕ್ಕರು.

ನಾನು ಸುಮ್ಮನಿರಬಾರದೇ? ಕನ್ನಡದಲ್ಲಿ, "ಮಾವ, ನಿಮ್ಮ ಕ್ಲಬ್ಬಲ್ಲೂ ಈ ಗೋಡೆ ಹೀಗೇ ದಪ್ಪ ಇತ್ತಾ?" ಎಂದು ಕೇಳಿದೆ.

"ಗೋಡೆ ಎಲ್ಲಮ್ಮ ಇದು?" ಎನ್ನುತ್ತಾ ಮಾವ ನೆಟ್ಟಗೆ ಅಂಕದ ಹಲಗೆಯ ಬಳಿಗೆ ಹೋದರು. ಪಕ್ಕದ ಮರದ ಹೊದಿಕೆಯನ್ನು ಎದೆಯೆತ್ತರದಲ್ಲಿ ಅಂಗೈಯಿಂದ ಒತ್ತಿದರು. ಅದು ಕಿರ್ರೆಂದು ಒಳಕ್ಕೆ ಸರಿಯಿತು. ನಾಲ್ಕು ಅಡಿ ಅಗಲದ ಒಂದು ಗೂಡು. ಒಂದು ಸ್ಟೂಲು, ಕೋಟು ತೂಗುಹಾಕುವ ಮೊಳೆ, ಮೇಜು ಕಾಣುವ ಹಾಗೆ ಕಣ್ಣಿನ ಮಟ್ಟದಲ್ಲಿ ಒಂದು ತೂತು. ಸಾಹೇಬರು ಆಟಕ್ಕೆ ಬರುವವರೆಗೆ ಒಬ್ಬ ಮನುಷ್ಯ ಕಾಣದ ಹಾಗೆ ಕಾಯುವ ಜಾಗ. ಮೈಸೂರಿನಿಂದ ಬಂದ ಮುದುಕರು ಎಂದೂ ನೋಡಿರದ ಕಟ್ಟಡದಲ್ಲಿ ನೇರವಾಗಿ ತಮ್ಮ ಕೋಣೆಗೆ ಹೋದರು. ನಕಲು ಅಷ್ಟು ಪ್ರಾಮಾಣಿಕವಾಗಿತ್ತು.

ಅಧ್ಯಕ್ಷರು ಗೂಡನ್ನು ನೋಡಿದರು, ಮಾವನನ್ನು ನೋಡಿದರು. "ಇದು ನಿಮಗೆ ಹೇಗೆ ಗೊತ್ತಾಯಿತು?"

ಮಾವ ಮಗನ ಕಡೆ ನೋಡಿದರು. ಮಗ ಕಾರ್ಪೆಟ್ ನೋಡುತ್ತಿದ್ದರು. "ಇದ್ದೆ, ಸರ್. ಮೂವತ್ತೆರಡು ವರ್ಷ," ಎಂದರು ಮಾವ.

ವಕೀಲರಲ್ಲವೇ, ಅರ್ಥವಾಯಿತು. ನಾನು ಆಗ ಅವರು ಹುಬ್ಬು ಗಂಟಿಕ್ಕಲಿ ಎಂದು ಕಾದೆ. ಹಾಗಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಖುಷಿಯಿಂದ ಕೈತಟ್ಟಿದರು. "ಮಾರ್ಕರ್. ನಿಜವಾದ ಮಾರ್ಕರ್. ಅದ್ಭುತ." ಬರುವ ತಿಂಗಳು ಕ್ಲಬ್ಬಿನಲ್ಲಿ ಹಳೆಯ ಕಾಲವನ್ನು ನೆನೆಯುವ ಒಂದು ಸಂಜೆ ಇದೆಯಂತೆ. ಹಿತ್ತಾಳೆ ಗುಂಡಿಯ ಬಿಳಿ ಕೋಟು ಇನ್ನೂ ಇಟ್ಟಿದ್ದಾರಂತೆ. ಇವರು ಅದನ್ನು ಹಾಕಿಕೊಂಡು ಆ ಹಲಗೆಯ ಬಳಿ ನಿಂತು ಅಂಕ ಕೂಗಿದರೆ ಸದಸ್ಯರು ಫೋಟೋ ತೆಗೆಸಿಕೊಳ್ಳಬಹುದಂತೆ. ಹಿಂದಿನ ಸಾಹೇಬರು ಮನುಷ್ಯನನ್ನು ಗೋಡೆಯೊಳಗೆ ಬಚ್ಚಿಡುತ್ತಿದ್ದರು. ಈಗಿನವರು ಅವನನ್ನು ಹೊರಗೆ ತೆಗೆದು ಪ್ರದರ್ಶನಕ್ಕೆ ಇಡುತ್ತಾರೆ. ಇದನ್ನೇ ಪ್ರಗತಿ ಎನ್ನುತ್ತಾರೇನೋ. ನನಗೆ ಮೈ ಉರಿದುಹೋಯಿತು, ಆದರೆ ಫಾರಂನಲ್ಲಿ ಆ ವಾಕ್ಯ ಬರೆದ ಕೈ ನನ್ನದೇ ಆಗಿದ್ದರಿಂದ ಬಾಯಿ ಮುಚ್ಚಿಕೊಂಡು ನಿಂತೆ. ಮಾವ ಟೈ ಬಿಚ್ಚಿ ನನ್ನ ಬ್ಯಾಗಿಗೆ ತುರುಕಿದ್ದು ಆಗಲೇ.

"ಬನ್ನಿ, ಐವತ್ತು ಅಂಕಕ್ಕೆ ಒಂದಾಟ ಆಗಲಿ," ಎಂದರು ಅಧ್ಯಕ್ಷರು ಕೋಲಿಗೆ ಸೀಮೆಸುಣ್ಣ ಉಜ್ಜುತ್ತಾ. "ಆಮೇಲೆ ನಿಮ್ಮ ಮಗನ ಅರ್ಜಿಗೆ ಸಹಿ ಮಾಡೋಣ."

ಮಾವ ನಾಲ್ಕು ಕೋಲು ಎತ್ತಿ ತೂಕ ನೋಡಿ ಒಂದನ್ನು ಆರಿಸಿಕೊಂಡರು. ಎಡಗೈಯನ್ನು ಹಸಿರು ಬಟ್ಟೆಯ ಮೇಲೆ ಊರಿ ಆಟ ಶುರುಮಾಡಿದರು. ನಾನು ಅವರು ಆಡುವುದನ್ನು ಮೊದಲ ಸಲ ನೋಡುತ್ತಿದ್ದೆ. ಅವಸರವಿಲ್ಲ, ಸದ್ದಿಲ್ಲ. ಚೆಂಡುಗಳು ಹೇಳಿದ ಮಾತು ಕೇಳುತ್ತಿದ್ದವು. ನೋಡನೋಡುತ್ತಿದ್ದ ಹಾಗೆ ಅವರದು ನಲವತ್ತೊಂದು, ಅಧ್ಯಕ್ಷರದು ಮೂವತ್ತು. ಅಧ್ಯಕ್ಷರ ನಗು ಸ್ವಲ್ಪ ಸ್ವಲ್ಪವೇ ಕಡಿಮೆಯಾಯಿತು.

ಆಮೇಲೆ ಮಾವ ತಪ್ಪಲು ಶುರುಮಾಡಿದರು. ಗುಳಿಯ ಬಾಯಲ್ಲೇ ಇದ್ದ ಕೆಂಪು ಚೆಂಡಿಗೆ ಕೂದಲೆಳೆಯಲ್ಲಿ ತಪ್ಪಿದರು. ಅಧ್ಯಕ್ಷರು ಮೂವತ್ತಾರು. ಮಾವ ಮತ್ತೆ ತಪ್ಪಿದರು, "ಕಣ್ಣು ಮಂಜು ಸರ್," ಎಂದರು. ಅಧ್ಯಕ್ಷರು ನಲವತ್ತೆರಡು. ಅವರ ನಗು ವಾಪಸು ಬಂತು. ನನಗೆ ಪಾಪ ಅನ್ನಿಸಿತು, ವಯಸ್ಸಾಯಿತು, ಆಯಾಸವಾಗಿರಬೇಕು.

"ಆಯಾಸ ಅಲ್ಲ," ಎಂದರು ನಮ್ಮ ಯಜಮಾನರು ನನ್ನ ಕಿವಿಯಲ್ಲಿ. "ಇದೇ ಅವ್ರ ಕೆಲ್ಸ ವೀಣಾ. ಸಾಹೇಬ್ರ ಜೊತೆ ಆಡ್ಬೇಕು, ಚೆನ್ನಾಗಿ ಆಡ್ಬೇಕು, ಕೊನೇಲಿ ಸ್ವಲ್ಪದ್ರಲ್ಲಿ ಸೋಲ್ಬೇಕು. ಬೇಕು ಅಂತ ಸೋತಿದ್ದು ಅಂತ ಗೊತ್ತಾಗ್ಬಾರ್ದು. ಮನೇಗ್ ಬಂದು ಅಮ್ಮಂಗೆ ಹೇಳೋರು, ಇವತ್ತು ಒಳ್ಳೇ ಸೋಲು ಅಂತ."

ಅಧ್ಯಕ್ಷರು ನಲವತ್ತೇಳು ಮುಟ್ಟಿ ಒಂದು ಹೊಡೆತ ತಪ್ಪಿದರು. ಇನ್ನು ಮೂರೇ ಅಂಕ. ಮಾವ ನಲವತ್ತೊಂದರಲ್ಲೇ ನಿಂತಿದ್ದರು. ಮೇಜಿನ ಮೇಲೆ ಬಗ್ಗಿ ಗುರಿ ನೋಡುತ್ತಿದ್ದರು, ಯಾವ ಕಡೆಗೆ ಎಷ್ಟು ತಪ್ಪಬೇಕು ಎಂಬ ಗುರಿ. ಮೂವತ್ತೆರಡು ವರ್ಷ ಸಂಬಳಕ್ಕೆ ಸೋತವರು ಈಗ ಮಗನ ಕುರ್ಚಿಗೆ ಸೋಲಲು ಹೊರಟಿದ್ದರು.

ನಮ್ಮ ಯಜಮಾನರು ನನ್ನ ಪಕ್ಕದಿಂದ ಹೊರಟು ಕೋಣೆಯನ್ನು ದಾಟಿ ಅಂಕದ ಹಲಗೆಯ ಹತ್ತಿರ ಹೋಗಿ ನಿಂತರು. ಮಾರ್ಕರ್ ನಿಲ್ಲುವ ಜಾಗ.

"ಅಪ್ಪ," ಎಂದರು. "ಸೋಲ್ಬೇಡಿ."

ಮಾವ ಬಗ್ಗಿದ್ದಲ್ಲಿಂದಲೇ ತಲೆಯೆತ್ತಿದರು. "ಸಹಿ ಹಾಕಲ್ಲ ಕಣೋ ಅವ್ರು."

"ಬೇಡ. ಹೊಡೀರಿ." ಆಮೇಲೆ ಅಧ್ಯಕ್ಷರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು, "ನಮ್ಮ ತಂದೆ ಮಾರ್ಕರ್ ಆಗಿದ್ದರು ಸರ್. ಫಾರಂನಲ್ಲಿ ನಾನು ಅದನ್ನು ಮುಚ್ಚಿಟ್ಟಿದ್ದೆ." ಬರೆದವಳು ನಾನು, ಆದರೆ ಅವರು ‘ನಾನು’ ಎಂದೇ ಹೇಳಿದರು.

ಮಾವ ಕೈ ಸ್ವಲ್ಪ ಬಲಕ್ಕೆ ಸರಿಸಿಕೊಂಡು ಹೊಡೆದರು. ಬಿಳಿ ಚೆಂಡು ಕೆಂಪಿಗೆ ತಾಗಿ ತಿರುಗಿ ಗುಳಿಗೆ ಬಿತ್ತು. ಈ ಆಟದಲ್ಲಿ ಅದಕ್ಕೆ ಮೂರು ಅಂಕ. ಮಗ ಹಿತ್ತಾಳೆಯ ಮುಳ್ಳು ಸರಿಸಿ, "ನಲವತ್ನಾಲ್ಕು" ಎಂದು ಕನ್ನಡದಲ್ಲಿ ಕೂಗಿದರು. ಚೆಂಡು ಎತ್ತಿ ತಂದು ತಂದೆಯ ಮುಂದೆ ಇಟ್ಟರು. ಅದೇ ಹೊಡೆತ, ಅದೇ ಗುಳಿ. "ನಲವತ್ತೇಳು." ಅಧ್ಯಕ್ಷರು ಕೋಲು ಹಿಡಿದು ನಿಂತೇ ಇದ್ದರು. ಅವರ ಸರದಿ ಮತ್ತೆ ಬರಲಿಲ್ಲ.

"ಐವತ್ತು," ಎಂದು ನಮ್ಮ ಯಜಮಾನರು ಕೂಗಿದ್ದು ಹಾಲಿನಲ್ಲಿ ಟೀ ಕುಡಿಯುತ್ತಿದ್ದವರಿಗೆಲ್ಲ ಕೇಳಿಸಿತು.